ಐದು ಗಂಟೆಯ ಪಾನಕ

ಸಮುದ್ರದಾಚೆಯ ನ್ಯೂ ಲಿನ್ ಬಡಾವಣೆಯ ಆ ಓಣಿಯಲ್ಲಿ ಸಂಜೆ ಐದಾಯಿತೆಂದು ತಿಳಿಯಲು ಗಡಿಯಾರ ನೋಡಬೇಕಾಗಿರಲಿಲ್ಲ. ಎಂಬತ್ತೊಂದು ವರ್ಷದ ಹೀದರ್ ತನ್ನ ಮನೆಯ ಹಿಂದಿನ ಡೆಕ್ಕಿನ, ಆ ಮರದ ಜಗಲಿಯ, ಮೇಲೆ ಕುರ್ಚಿ ಎಳೆದಳೆಂದರೆ ಐದು. ಹಲಗೆಯ ಮೇಲೆ ಕುರ್ಚಿಯ ಕಾಲು ಕಿರ್ರೆಂದದ್ದು ಬೇಲಿ ದಾಟಿ ಬರುವ ಹೊತ್ತಿಗೆ, ಈಚೆ ಮನೆಯ ನೀಲವ್ವ ಹಿತ್ತಲಿನ ಲಿಂಬೆ ಗಿಡದಿಂದ ಎರಡು ಕಾಯಿ ಕಿತ್ತು ಸೆರಗಿನೊಳಗೆ ಹಾಕಿಕೊಂಡು ನಿಂತಿರುತ್ತಿದ್ದಳು. ಬೇಲಿಯಲ್ಲಿ ಒಂದು ಹಲಗೆ ಇರಲಿಲ್ಲ. ಆ ಸಂದಿನಲ್ಲಿ ಅಡ್ಡಡ್ಡ ನುಸುಳಿದರೆ ಹೀದರಳ ಹಿತ್ತಲು, ಅಲ್ಲಿಂದ ನಾಲ್ಕು ಹೆಜ್ಜೆಗೆ ಡೆಕ್ಕು.

ಅಲ್ಲಿ ಇಬ್ಬರೂ ಕೂತು ತಂಪಾಗಿ ಏನಾದರೂ ಕುಡಿಯುತ್ತಿದ್ದರು. ಹೀದರಳದು ಟಕೀಲಾ ಎಂಬ ಮದ್ಯ, ಅದಕ್ಕೆ ಲಿಂಬೆರಸ, ಜೇನು, ಸೋಡಾ, ಗ್ಲಾಸಿನ ತುಂಬ ಐಸು. ನೀಲವ್ವನದು ಮನೆಯಿಂದ ತಂದ ಮಜ್ಜಿಗೆ. ಒಬ್ಬಳ ಕೊರಳಲ್ಲಿ ಮುತ್ತಿನ ಸರ, ಇನ್ನೊಬ್ಬಳ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಒಬ್ಬಳು ಸಂಜೆಗೊಮ್ಮೆ ಕುಡಿಯದೆ ಇರುವವಳಲ್ಲ, ಇನ್ನೊಬ್ಬಳು ಹುಟ್ಟಿದಾಗಿನಿಂದ ಮುಟ್ಟಿದವಳಲ್ಲ. ಆದರೂ ಎರಡು ವರ್ಷದಿಂದ ಆ ಎರಡು ಕುರ್ಚಿಗಳ ನಡುವೆ ಒಂದು ಜಗಳವೂ ಹುಟ್ಟಿರಲಿಲ್ಲ. ಶಿವ ಯಾರನ್ನು ಯಾರ ಪಕ್ಕ ಕೂಡಿಸುತ್ತಾನೋ, ಅವನ ಪಂಕ್ತಿಯ ಕ್ರಮ ಅವನಿಗೇ ಗೊತ್ತು.

ನೀಲವ್ವ ರೋಣ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂವತ್ತನಾಲ್ಕು ವರ್ಷ ಸಿಸ್ಟರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಮಗ ರುದ್ರೇಶ ಮತ್ತು ಸೊಸೆ ಐಶ್ವರ್ಯಾ ಅವಳನ್ನು ಕರೆಸಿಕೊಂಡಿದ್ದರು. ಅವಳ ಇಂಗ್ಲಿಷು ಆರೋಗ್ಯ ಕೇಂದ್ರದ್ದು: ಗುಳಿಗೆ ಕೊಟ್ಟ ಹಾಗೆ ಒಂದೊಂದೇ ಮಾತು, ಹೊತ್ತು ಹೊತ್ತಿಗೆ. ಹೀದರಳಿಗೆ ಅದು ಪೂರ್ತಿ ತಿಳಿಯುತ್ತಿತ್ತು. ಇವರ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲೇ. ನಾವು ಕನ್ನಡದಲ್ಲಿ ಹೇಳುವಾಗ ನೀಲವ್ವನ ಮಾತನ್ನು ಅವಳ ಊರಿನ ಹದದಲ್ಲೇ ಹೇಳುವುದು ನ್ಯಾಯ.

ಮಾರ್ಚಿನ ಒಂದು ಬುಧವಾರ. ಬಿಸಿಲು ಇನ್ನೂ ಹಳದಿಯಾಗಿತ್ತು, ಗಿಡಗಳಲ್ಲಿ ಜೀರುಂಡೆಗಳು ಒಂದೇ ಸಮನೆ ಕೂಗುತ್ತಿದ್ದವು. ನೀಲವ್ವ ಲಿಂಬೆ ಹಿಂಡಿಕೊಟ್ಟಳು. ಹೀದರ್ ಬಾಟಲಿ ಎತ್ತಿದಳು. ಅವಳ ಕೈ ಕಳೆದ ವರ್ಷದಿಂದ ನಡುಗುತ್ತಿತ್ತು. ಬಾಟಲಿಯ ಬಾಯಿ ಗ್ಲಾಸಿನ ಅಂಚಿಗೆ ಟಿಣಿಟಿಣಿ ಬಡಿಯಿತು. ಅರ್ಧ ಒಳಗೆ ಬಿತ್ತು, ಅರ್ಧ ಮೇಜಿನ ಮೇಲೆ.

"ಮೇಜಿಗೂ ಒಂದು ಪೆಗ್ಗು" ಎಂದಳು ಹೀದರ್. ದಿನವೂ ಹೇಳುವ ತಮಾಷೆಯೇ. ಆದರೆ ಆ ದಿನ ನಗಲಿಲ್ಲ.

"ಯಾಕ, ಏನಾತು?"

"ಶನಿವಾರ ರೇಚಲ್ ಬರ್ತಾಳೆ."

ರೇಚಲ್ ಅವಳ ಒಬ್ಬಳೇ ಮಗಳು. ಕಾರಿನಲ್ಲಿ ಮೂರು ಗಂಟೆ ದೂರದ ಟೌರಂಗಾದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಕ್ರಿಸ್‌ಮಸ್ಸಿಗೆ ಬಂದಾಗ ತಾಯಿಯ ಕೈಯಿಂದ ಗ್ಲಾಸು ಜಾರಿ ಒಡೆದದ್ದನ್ನು ನೋಡಿದ್ದಳು. ಅಂದೇ ಹೇಳಿದ್ದಳು: ತನಗೊಂದು ಗ್ಲಾಸು ಪಾನೀಯ ಮಾಡಿಕೊಳ್ಳಲಾಗದವಳು ಈ ಮನೆಯಲ್ಲಿ ಒಬ್ಬಳೇ ಹೇಗೆ ಇರುತ್ತೀಯ? ರೇಚಲ್‌ಳ ಮನೆಯ ಹತ್ತಿರವೇ ಹಿರಿಯರಿಗೆಂದು ಕಟ್ಟಿದ ಮನೆಗಳಿದ್ದವು. ಅಲ್ಲಿ ಒಂದನ್ನು ತಾಯಿಗಾಗಿ ಕಾದಿರಿಸಿದ್ದಳು. ತಿಂಗಳ ಕೊನೆಗೆ ಬೇಕು ಅಥವಾ ಬೇಡ ಎಂದು ಹೇಳಬೇಕು.

"ನಾನು ಸಿಟ್ಟಿನಲ್ಲಿ ಏನೋ ಅಂದುಬಿಟ್ಟೆ ನೀಲಾ. ಮಾರ್ಚಿನಲ್ಲಿ ಬಾ, ಐದು ಗಂಟೆಗೆ ನನ್ನ ಡೆಕ್ಕಿನ ಮೇಲೆ ಕೂತ್ಕೋ, ನಾನು ಮಾಡಿದ್ದನ್ನು ಕುಡಿದು ನೋಡು, ಆಮೇಲೆ ಮಾತಾಡೋಣ ಅಂತ. ಈಗ ಪರೀಕ್ಷೆ ಬಂತು, ಕೈ ಇಲ್ಲ."

ಹೀದರ್ ತನ್ನ ಎರಡೂ ಕೈಗಳನ್ನು ಯಾರದೋ ಸಾಮಾನು ನೋಡುವಂತೆ ನೋಡಿಕೊಂಡಳು.

"ನೀನು ಮಾಡಿಡು. ಪೂರ್ತಿ ನೀನೇ. ಜಗ್ಗಿನಲ್ಲಿ ಮಾಡಿ ಫ್ರಿಜ್ಜಿನಲ್ಲಿಡು. ನಾನು ಮಾಡಿದೆ ಅಂತ ಕೊಡ್ತೀನಿ. ಇಲ್ಲದಿದ್ದರೆ ಈ ಮನೆ ಹೋಯಿತು."

ನೀಲವ್ವ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟಳು. ಈ ದೇಶದಲ್ಲಿ ಅವಳನ್ನು ಕಂಡವರೆಲ್ಲ ಆಂಟಿ ಎನ್ನುತ್ತಿದ್ದರು. ಗುಡಿಯಲ್ಲಿ ಆಂಟಿ, ಬಸ್ಸಿನಲ್ಲಿ ಆಂಟಿ, ಕನ್ನಡ ಕೂಟದಲ್ಲಿ ಆಂಟಿ. ಹೆಸರು ಹಿಡಿದು ಕರೆಯುವವಳು, ಸಂಜೆಯಾದರೆ ಕಾಯುವವಳು, ಕಳೆದ ವಾರ ಕೇಳಿದ ಕಥೆಯನ್ನೇ ಮತ್ತೆ ಹೇಳು ಅನ್ನುವವಳು ಇವಳೊಬ್ಬಳೇ. ಇವಳು ಟೌರಂಗಾಕ್ಕೆ ಹೋದರೆ ಐದು ಗಂಟೆ ಎಂಬುದೇ ಇರುವುದಿಲ್ಲ. ನಾಲ್ಕಾದ ಮೇಲೆ ಆರು.

ಆದರೂ ಅವಳು ಹೂಂ ಅನ್ನಲಿಲ್ಲ. "ನಾಳೆ ಹೇಳ್ತೇನಿ" ಎಂದಳು.

ಆ ರಾತ್ರಿ ಊಟಕ್ಕೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ರುದ್ರೇಶ ಊರಿನ ಆಚೆ ತುದಿಯ ಈಸ್ಟ್ ತಮಾಕಿ ಎಂಬಲ್ಲಿನ ಕಾರ್ಖಾನೆಯಿಂದ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಬಂದಿದ್ದ. ಐಶ್ವರ್ಯಾ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಿದ್ದಳು. ಮೊದಲ ತುತ್ತು ಬಾಯಿಗೆ ಹೋಗುವಾಗಲೇ ನೀಲವ್ವ ಕೇಳಿದಳು:

"ರುದ್ರಾ, ಈ ಟಕೀಲಾದ ಶರಬತ್ತು ಹ್ಯಾಂಗ ಮಾಡ್ತಾರೋ?"

ರುದ್ರೇಶನಿಗೆ ರೊಟ್ಟಿ ನೆತ್ತಿಗೆ ಹತ್ತಿತು. ಐಶ್ವರ್ಯಾ ನೀರು ಕೊಟ್ಟಳು.

"ನಂಗೇನ್ ಗೊತ್ತವ್ವಾ ಅದೆಲ್ಲಾ."

"ಆಫೀಸಿನ ಪಾರ್ಟಿಯೊಳಗ ನೋಡಿರ್ತಿಯಲ್ಲಾ."

"ನಾ ಅಲ್ಲಿ ಜ್ಯೂಸ್ ಕುಡೀತೇನಿ."

"ಹೌದ್ರಿ ಅತ್ತಿ, ಜ್ಯೂಸೇ ಕುಡೀತಾರ" ಎಂದಳು ಐಶ್ವರ್ಯಾ, ತಲೆ ಎತ್ತದೆ ರೊಟ್ಟಿ ಮುರಿಯುತ್ತ. "ಜ್ಯೂಸ್ ಕುಡದು ಬಂದ ದಿನಾ ಭಾಳ ಹಾಡತಾರ."

ನೀಲವ್ವ ನಡೆದದ್ದನ್ನೆಲ್ಲ ಹೇಳಿದಳು. ಸಂಜೆ ಏಳುವಾಗ ಹೀದರ್ ಬರೆದುಕೊಟ್ಟಿದ್ದ ಚೀಟಿ ತೆಗೆದಳು. ಅಕ್ಷರಗಳು ಇರುವೆ ಸಾಲಿಗೆ ಗಾಳಿ ಬೀಸಿದಂತಿದ್ದವು. ಒಬ್ಬರಿಗೆ ಟಕೀಲಾ ನಲವತ್ತೈದು ಎಂ.ಎಲ್., ಲಿಂಬೆರಸ ಮೂವತ್ತು, ಜೇನು ಒಂದು ಚಮಚ, ಐಸು, ಮೇಲೆ ಸೋಡಾ. ಕೊನೆಯ ಸಾಲು: ಗ್ಲಾಸಿಗೆ ಉಪ್ಪು.

"ಉಳದದ್ದೆಲ್ಲಾ ತಿಳೀತು. ಈ ಉಪ್ಪು ಗ್ಲಾಸಿಗೆ ಎಲ್ಲಿ ಹಚ್ಚೂದು?"

ರುದ್ರೇಶ ಬಾಯಿ ತೆರೆದ. ಅವ್ವನ ಹಣೆಯ ವಿಭೂತಿ ಕಂಡಿತು. ಬಾಯಿ ಮುಚ್ಚಿದ. "ಎಲ್ಲರೆ ಹಚ್ಚವ್ವಾ. ನಂಗೇನ್ ಗೊತ್ತು" ಎಂದು ಎಣ್ಣೆಗಾಯಿಯೊಳಗೆ ತಲೆ ಹಾಕಿದ. ಐಶ್ವರ್ಯಾಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅವಳು ಬೇರೆಯದನ್ನು ಕೇಳಿದಳು:

"ಅತ್ತಿ, ನೀವು ಆ ಬಾಟ್ಲಿ ಮುಟ್ಟತೀರೇನು?"

"ಮೂವತ್ನಾಕ ವರ್ಷ ಸ್ಪಿರಿಟಿನ್ಯಾಗ ಹತ್ತಿ ಅದ್ದೀನಿ ಯವ್ವಾ. ಇದೂ ಅದರ ತಮ್ಮನ ವಾಸನಿನ ಅದ. ಮುಟ್ಟಿದ್ರ ಮೈಲಿಗಿ ಆಗೂದಿದ್ರ ನಾ ಆವಾಗ ಆಗಿರ್ತಿದ್ದೆ."

"ಮತ್ತ ರುಚಿ? ನೋಡಲಾರದ ಹ್ಯಾಂಗ ಗೊತ್ತಾಕ್ಕೇತಿ?"

"ನಮ್ಮನ್ಯಾಗ ಯಾವಾಗರೆ ರುಚಿ ನೋಡಿ ಅಡಗಿ ಮಾಡೀನೇನು?"

ಇದು ನಿಜವಾಗಿತ್ತು. ಲಿಂಗಕ್ಕೆ ಅರ್ಪಿಸದೆ ನಾಲಿಗೆಗೆ ಇಟ್ಟವಳಲ್ಲ ನೀಲವ್ವ. ಸಾರಿನ ಹುಳಿಯನ್ನು ಅದರ ಬಣ್ಣದಿಂದ ತಿಳಿಯುವಳು, ಉಪ್ಪನ್ನು ಕುದಿಯ ಸದ್ದಿನಿಂದ. ಐವತ್ತು ವರ್ಷದಲ್ಲಿ ಉಪ್ಪು ತಪ್ಪಿದ್ದು ಎರಡು ಸಲ, ಅದೂ ಜ್ವರ ಬಂದಾಗ.

ಅವಳನ್ನು ಕಾಡಿದ್ದು ಬಾಟಲಿಯಲ್ಲ, ರುಚಿಯಲ್ಲ. ಸುಳ್ಳು. ಮರುದಿನ ಬೆಳಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಇನ್ನೊಬ್ಬರು ಮಾಡಿದ್ದನ್ನು ನಾನು ಮಾಡಿದೆ ಎನ್ನುವುದು ಹೀದರಳ ಸುಳ್ಳು. ಅದನ್ನು ಮಾಡಿಟ್ಟು ಸುಮ್ಮನೆ ಕೂರುವುದು ಯಾರ ಸುಳ್ಳು? ಅಂಗೈಯ ಲಿಂಗ ಏನೂ ಹೇಳಲಿಲ್ಲ. ಅದು ಯಾವತ್ತೂ ಹೇಳುವುದಿಲ್ಲ. ಕೇಳಿದವರೇ ಕೇಳುತ್ತ ಕೇಳುತ್ತ ತಿಳಿಯಾಗುತ್ತಾರೆ.

ಸಂಜೆ ಐದಕ್ಕೆ ಹೋಗಿ ಹೇಳಿದಳು: "ಮಾಡ್ತೇನಿ. ನಾ ಆಗಿ ಏನೂ ಹೇಳೂದಿಲ್ಲ. ಆದ್ರ ಅಕಿ ನನ್ನ ಮುಖಾ ನೋಡಿ ಕೇಳಿದ್ರ ಸುಳ್ಳ ಹೇಳೂದಿಲ್ಲ."

"ಅವಳು ಯಾಕೆ ಕೇಳ್ತಾಳೆ? ಪಕ್ಕದ ಮನೆಯವಳು ಮಾಡಿದಳಾ ಅಂತ ಯಾರಾದರೂ ಕೇಳ್ತಾರಾ?" ಎಂದಳು ಹೀದರ್. ನೀಲವ್ವನಿಗೆ ಅದೂ ಸರಿಯಾಗಿ ಕಂಡಿತು.

ಶನಿವಾರ ಮೂರು ಗಂಟೆಗೆ ಹೀದರ್ ಕೂದಲು ಸೆಟ್ ಮಾಡಿಸಿಕೊಳ್ಳಲು ಪೇಟೆಗೆ ಹೋದಳು. ಅಲ್ಲಿಂದ ರೇಚಲ್ ಅವಳನ್ನು ಕಾರಿನಲ್ಲಿ ಕರೆತರುವುದೆಂದು ಮಾತಾಗಿತ್ತು. ನೀಲವ್ವ ಸೆರಗು ಸಿಕ್ಕಿಸಿಕೊಂಡು, ಹತ್ತು ಲಿಂಬೆಕಾಯಿ ಹಿಡಿದು, ಬೇಲಿಯ ಸಂದಿನಲ್ಲಿ ನುಸುಳಿ, ಹೀದರ್ ತೆರೆದಿಟ್ಟಿದ್ದ ಹಿಂಬಾಗಿಲಿನಿಂದ ಅವಳ ಅಡುಗೆಮನೆ ಹೊಕ್ಕಳು. ತನ್ನ ಅಡುಗೆಮನೆಯಲ್ಲಿ ದೇವರಿಗೆ ನೈವೇದ್ಯವಾಗುತ್ತದೆ, ಅಲ್ಲಿ ಬಾಟಲಿ ಬೇಡ ಎಂಬುದು ಅವಳ ಲೆಕ್ಕ. ಹಳೆಯ ಪೆಟ್ಟಿಗೆಯಿಂದ ಔನ್ಸ್ ಗ್ಲಾಸನ್ನೂ ಹುಡುಕಿ ತಂದಿದ್ದಳು. ಕೆಮ್ಮಿನ ಔಷಧ ಅಳೆಯುತ್ತಿದ್ದ ಆ ಪುಟ್ಟ ಗ್ಲಾಸು ಸಮುದ್ರ ದಾಟಿ ಬಂದದ್ದು ಇದಕ್ಕೇ ಏನೋ.

ಮೊದಲು ಲಿಂಬೆಗಳನ್ನು ಬಿಸಿನೀರಿನಲ್ಲಿ ಕ್ಷಣ ಹೊತ್ತು ಬಿಟ್ಟಳು. ಆಮೇಲೆ ಒಂದೊಂದನ್ನೇ ಹಲಗೆಯ ಮೇಲಿಟ್ಟು ಅಂಗೈಯಿಂದ ಒತ್ತಿ ಉರುಳಿಸಿದಳು. ಒಳಗಿನ ಎಸಳು ಬಿಚ್ಚಿಕೊಂಡು ಕಾಯಿ ಮೆತ್ತಗಾಯಿತು. ಹೆಚ್ಚಿ, ಬೀಜ ತೆಗೆದು, ಸಿಪ್ಪೆಯ ಕಹಿ ಇಳಿಯದಂತೆ ಹಗುರ ಹಿಂಡಿದಳು. ಜೇನಿಗೆ ಎರಡು ಚಮಚ ಬೆಚ್ಚನೆಯ ನೀರು ಹಾಕಿ ತಿರುವಿದಳು, ಇಲ್ಲದಿದ್ದರೆ ತಣ್ಣಗಿನದರಲ್ಲಿ ಗಂಟು ಕಟ್ಟುತ್ತದೆ.

ಈಗ ರುಚಿಯ ಮಾತು. ಟಕೀಲಾ ಹಾಕಿದ್ದನ್ನು ಅರ್ಪಿಸುವಂತಿಲ್ಲ, ಅರ್ಪಿಸದ್ದನ್ನು ನಾಲಿಗೆಗೆ ಇಡುವಂತಿಲ್ಲ. ನೀಲವ್ವ ಎರಡು ಜಗ್ಗು ತೆಗೆದಳು. ಎರಡಕ್ಕೂ ಅದೇ ಅಳತೆಯ ಲಿಂಬೆ, ಅದೇ ಅಳತೆಯ ಜೇನು. ಒಂದಕ್ಕೆ ಟಕೀಲಾ ಬದಲು ಅಷ್ಟೇ ತಣ್ಣೀರು. ಎದೆಯ ಮೇಲಿನ ಕರಡಿಗೆ ಮುಟ್ಟಿಕೊಂಡು, ಕಣ್ಣು ಮುಚ್ಚಿ, ಆ ನೀರಿನ ಪಾನಕವನ್ನು ಶಿವನಿಗೆ ಅರ್ಪಿಸಿದಳು. ಆಮೇಲೆ ಒಂದು ಗುಟುಕು ಕುಡಿದಳು. ಹುಳಿ ಒಂದು ಎಳೆ ಮುಂದಾಗಿತ್ತು. ಅರ್ಧ ಚಮಚ ಜೇನು ಹಾಕಿ, ಮತ್ತೆ ನೋಡಿ, ತಲೆ ಆಡಿಸಿದಳು. ಆಚೆಯ ಜಗ್ಗಿಗೂ ಅರ್ಧ ಚಮಚ ಜೇನು ಹಾಕಿ, ಆಮೇಲೆ ಉಸಿರು ಬಿಗಿಹಿಡಿದು, ಔನ್ಸ್ ಗ್ಲಾಸಿನಿಂದ ಟಕೀಲಾ ಅಳೆದು ಹೊಯ್ದಳು. ಒಂದು ಹನಿ ಚೆಲ್ಲಲಿಲ್ಲ.

ಜಗ್ಗುಗಳು ಇನ್ನು ಅದಲುಬದಲಾಗುತ್ತವೆ, ನೀಲವ್ವ ಕುಡಿದು ಹಾಡುತ್ತಾಳೆ ಎಂದು ಯಾರಾದರೂ ಕಾಯುತ್ತಿದ್ದರೆ ಕಾಯುವುದು ಬೇಡ. ಮೂವತ್ತನಾಲ್ಕು ವರ್ಷ ಔಷಧದ ಬಾಟಲಿಗಳಿಗೆ ಚೀಟಿ ಅಂಟಿಸಿದ ಕೈ ಅದು. ಟಕೀಲಾದ ಜಗ್ಗಿನ ಹಿಡಿಕೆಗೆ ಕೆಂಪು ದಾರ ಕಟ್ಟಿ, ಎರಡನ್ನೂ ಫ್ರಿಜ್ಜಿನಲ್ಲಿಟ್ಟಳು.

ಉಳಿದದ್ದು ಉಪ್ಪು. ಹೀದರಳ ಉದ್ದನೆಯ ಗ್ಲಾಸುಗಳು ಎರಡು ಫಳಫಳ ಹೊಳೆಯುತ್ತಿದ್ದವು. ಗ್ಲಾಸಿಗೆ ಉಪ್ಪು ಯಾಕೆ? ನೀಲವ್ವ ಸ್ವಲ್ಪ ಹೊತ್ತು ಯೋಚಿಸಿದಳು. ದೃಷ್ಟಿಗೆ ಇರಬೇಕು. ನಮ್ಮಲ್ಲಿ ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತೇವೆ, ಇವರು ಗ್ಲಾಸಿಗೆ ಹಚ್ಚುತ್ತಾರೆ. ಇಷ್ಟು ಚಂದದ ಪಾನಕದ ಮೇಲೆ ಯಾರ ಕಣ್ಣಾದರೂ ಬೀಳುತ್ತದೆ. ಈ ದೇಶದವರಿಗೂ ಅದು ಗೊತ್ತಿದೆ ಎಂದು ಅವಳಿಗೆ ಸಮಾಧಾನವೇ ಆಯಿತು. ಗ್ಲಾಸಿನ ಹೊಟ್ಟೆಗೆ ಲಿಂಬೆಹೋಳು ತಿಕ್ಕಿ ಒದ್ದೆ ಮಾಡಿದಳು. ನುಣ್ಣನೆಯ ಉಪ್ಪಿನಲ್ಲಿ ಬೆರಳು ಅದ್ದಿದಳು. ಎಷ್ಟು ಬೆರಳು, ಹೇಗೆ ಎಂದು ಮನಸ್ಸು ಕೇಳುವ ಮೊದಲೇ ಕೈ ತನ್ನ ಕೆಲಸ ಮುಗಿಸಿತ್ತು. ಅರವತ್ತು ವರ್ಷದಿಂದ ಬೆಳಗ್ಗೆ ಎದ್ದು ಮಾಡಿದ ಕೆಲಸ. ಎರಡೂ ಗ್ಲಾಸುಗಳ ಮೇಲೆ ಮೂರು ಮೂರು ಬಿಳಿ ಗೆರೆ, ಅಡ್ಡಲಾಗಿ, ಸಾಲಾಗಿ. ನೋಡಲು ಲಕ್ಷಣವಾಗಿದ್ದವು. ಅವನ್ನು ಟ್ರೇಯಲ್ಲಿಟ್ಟು, ಡೆಕ್ಕಿನ ಮೇಜಿನ ಮೇಲೆ ಜಾಲರಿ ಮುಚ್ಚಿ ಬಂದಳು.

ಹೀದರ್ ಮತ್ತು ರೇಚಲ್ ಬಂದಾಗ ನಾಲ್ಕೂ ಮುಕ್ಕಾಲು. ರೇಚಲ್ ಐವತ್ತೈದರ ಎತ್ತರದ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದಳು. ಮನೆಯೊಳಗೆ ಬಂದವಳು ಮಾತಾಡುತ್ತಲೇ ಫ್ರಿಜ್ಜು ತೆರೆದು ಹಾಲಿನ ತಾರೀಖು ನೋಡಿದಳು, ಒಲೆಯ ಗುಂಡಿಗಳನ್ನು ಮುಟ್ಟಿ ನೋಡಿದಳು. ಎಲ್ಲ ಸರಿಯಾಗಿತ್ತು. ಬೇಲಿ ನುಸುಳಿ ಮತ್ತೆ ಬಂದಿದ್ದ ನೀಲವ್ವನನ್ನು ತೋರಿಸಿ, "ಇವಳು ನೀಲಾ, ಪಕ್ಕದ ಮನೆ, ಇವತ್ತು ನನ್ನ ಅತಿಥಿ" ಎಂದಳು ಹೀದರ್. ಅವಳ ಹೊಸ ಕೂದಲು ಮೋಡದಂತೆ ನಿಂತಿತ್ತು.

ಐದು ಗಂಟೆ. ಕುರ್ಚಿ ಕಿರ್ರೆಂದಿತು. ಜಗ್ಗು ಹೊತ್ತು ತರುವ ಕೆಲಸವನ್ನು ನೀಲವ್ವ ವಹಿಸಿಕೊಂಡಳು. ಅತಿಥಿ ಸಹಾಯ ಮಾಡುವುದರಲ್ಲಿ ತಪ್ಪೇನು. ಐಸಿನ ಮೇಲೆ ಪಾನಕ ಇಳಿಯಿತು, ಸೋಡಾ ಬುರುಬುರು ಎಂದಿತು. ತನ್ನ ಲೋಟಕ್ಕೆ ನೀರಿನ ಜಗ್ಗಿನಿಂದ ಹಾಕಿಕೊಂಡಳು.

ರೇಚಲ್ ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು ಕುಡಿದಳು.

"ಅಮ್ಮಾ, ಇದು ಅಪ್ಪ ಮಾಡ್ತಿದ್ದದ್ದಕ್ಕಿಂತ ಚೆನ್ನಾಗಿದೆ."

"ನಿಮ್ಮಪ್ಪ ಜೇನು ಉಳಿಸ್ತಿದ್ದ" ಎಂದಳು ಹೀದರ್. ಮುಖ ಅರಳಿತ್ತು. ನೀಲವ್ವ ಜೀರುಂಡೆಗಳ ಸದ್ದನ್ನು ಬಹಳ ಗಮನವಿಟ್ಟು ಕೇಳುತ್ತಿದ್ದಳು.

ಮೂರನೆಯ ಗುಟುಕಿಗೆ ರೇಚಲ್ ಗ್ಲಾಸು ಎತ್ತಿದಾಗ ಇಳಿಬಿಸಿಲು ಅದರ ಮೈಮೇಲೆ ಬಿತ್ತು. ಮೂರು ಬಿಳಿ ಗೆರೆ ಹೊಳೆದವು. ಅವಳು ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿದಳು. ಗ್ಲಾಸು ನೋಡಿದಳು. ಎದುರಿಗೆ ಕೂತಿದ್ದ ನೀಲವ್ವನ ಹಣೆ ನೋಡಿದಳು. ಮತ್ತೆ ಗ್ಲಾಸು. ಮತ್ತೆ ಹಣೆ. ಒಂದೇ ಕೈಬರಹ. ಮಕ್ಕಳ ಉತ್ತರಪತ್ರಿಕೆಯಲ್ಲಿ ಅಮ್ಮಂದಿರ ಅಕ್ಷರ ಹಿಡಿದು ಅಭ್ಯಾಸವಿದ್ದವಳಿಗೆ ಇದೇನು ಕಷ್ಟ?

"ಅಮ್ಮಾ, ಇದು ಯಾರು ಮಾಡಿದ್ದು?"

"ಉಪ್ಪು ಹಾಗೆ ಹಚ್ಚೋದು ಈಗಿನ ಫ್ಯಾಷನ್ನು" ಎಂದಳು ಹೀದರ್. ಅವಳೂ ಆಗಲೇ ತನ್ನ ಗ್ಲಾಸು ನೋಡಿದ್ದು.

ರೇಚಲ್ ನೀಲವ್ವನ ಕಡೆ ತಿರುಗಿದಳು. "ನೀವು ಮಾಡಿದ್ರಾ?"

ನೀಲವ್ವ ಹೀದರಳನ್ನು ನೋಡಿದಳು. ಹೀದರ್ ಮುಖ ತಿರುಗಿಸಲಿಲ್ಲ, ತಡೆಯಲೂ ಇಲ್ಲ. ಗುರುವಾರ ಆಡಿದ ಮಾತು ಅವಳಿಗೂ ನೆನಪಿತ್ತು.

"ಹೌದವಾ. ನಾನ ಮಾಡಿದೆ. ಅಕಿ ಕೈ ಆಗೂದಿಲ್ಲ."

ಹೀದರ್ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ತೋಟದ ಕಡೆ ನೋಡುತ್ತಿದ್ದಳು. ಆಗಲೇ ಬೇರೆ ಯಾರದೋ ತೋಟವೆಂಬಂತೆ.

ಅದೇ ಹೊತ್ತಿಗೆ ಬೇಲಿಯ ಸಂದಿನಲ್ಲಿ ಒಂದು ತಟ್ಟೆ ಕಾಣಿಸಿತು. ಅದರ ಹಿಂದೆ ರುದ್ರೇಶ. ಐಶ್ವರ್ಯಾ ಕರಿದ ಬಿಸಿ ಮಿರ್ಚಿ ಭಜಿ ಹೊತ್ತು ತಂದಿದ್ದ. ನಮಸ್ಕಾರ ಹೇಳಿ, ತಟ್ಟೆ ಇಡಲು ಬಗ್ಗಿದವನ ಕಣ್ಣು ಗ್ಲಾಸಿನ ಮೇಲೆ ಬಿತ್ತು.

"ಅಯ್ಯ ಅವ್ವಾ, ಉಪ್ಪು ಇಲ್ಲೆಲ್ಲಾ ಅಲ್ಲ, ಬಾಯಿ ಅಂಚಿಗೆ ಸುತ್ತ ಹಚ್ಚತಾರ. ತುಟಿಗೆ ಹತ್ತಬೇಕದು, ಕುಡಿಯೂ ಮುಂದ."

ಹೇಳಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು. ನೀಲವ್ವ ನಿಧಾನವಾಗಿ ತಲೆ ಎತ್ತಿದಳು.

"ಜ್ಯೂಸಿಗೂ ಹಂಗ ಹಚ್ಚತಾರೇನು?"

ರುದ್ರೇಶ ತಟ್ಟೆಯೊಳಗಿನ ಭಜಿಗಳನ್ನು ಎಣಿಸತೊಡಗಿದ. "ಏನು ಹೇಳಿದರು?" ಎಂದು ರೇಚಲ್ ಕೇಳಿದಳು. ಅವನು ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಲೇಬೇಕಾಯಿತು: ನನಗೆ ಎಲ್ಲ ಗೊತ್ತಿತ್ತು, ಅವ್ವನ ಮುಂದೆ ಗೊತ್ತಿಲ್ಲ ಅಂದಿದ್ದೆ, ಅದಕ್ಕೇ ಹೀಗಾಯಿತು. ರೇಚಲ್‌ಳ ತುಟಿಯ ಕೊನೆ ಅಲುಗಿತು.

"ನೀವೂ ನಿಮ್ಮ ತಾಯಿಗೆ ಹೇಳಲ್ಲ. ನಮ್ಮ ತಾಯಿ ನನಗೆ ಹೇಳಲ್ಲ. ಕೂತ್ಕೊಳ್ಳಿ."

ಅವನು ಮೆಟ್ಟಿಲ ಮೇಲೆ ಕೂತ. ರೇಚಲ್ ನೀಲವ್ವನ ಹತ್ತಿರಕ್ಕೆ ಕುರ್ಚಿ ಎಳೆದಳು. "ಇನ್ನೇನೇನು ಮಾಡ್ತೀರಿ ನೀವು ಇಲ್ಲಿ?"

ನೀಲವ್ವ ಡಾಕ್ಟರರಿಗೆ ವರದಿ ಒಪ್ಪಿಸುವಂತೆ ನೆಟ್ಟಗೆ ಕೂತಳು. ಬೆಳಗ್ಗೆ ಏಳಕ್ಕೆ ಹೀದರ್ ಅಡುಗೆಮನೆಯ ಪರದೆ ಸರಿಸುತ್ತಾಳೆ. ಸರಿಸದಿದ್ದರೆ ಏಳೂ ಹತ್ತಕ್ಕೆ ತಾನು ಫೋನು ಮಾಡುತ್ತಾಳೆ. ಬೆಳಗಿನ ಬಿ.ಪಿ. ಗುಳಿಗೆ ತಿಂದಳೋ ಇಲ್ಲವೋ ಸಂಜೆ ಕೇಳುತ್ತಾಳೆ. ಸುಳ್ಳು ಹೇಳಿದರೆ ಡಬ್ಬಿ ನೋಡುತ್ತಾಳೆ. ಸೋಮವಾರ ಬಿ.ಪಿ. ನೋಡುತ್ತಾಳೆ. ಟಕೀಲಾ ದಿನಕ್ಕೆ ಒಂದೇ ಗ್ಲಾಸು, ಎರಡನೆಯದಕ್ಕೆ ಬಿಡುವುದಿಲ್ಲ.

"ಇವಳು ಪೊಲೀಸು" ಎಂದಳು ಹೀದರ್ ತೋಟಕ್ಕೆ.

"ಜನವರಿಯೊಳಗ ಒಮ್ಮೆ ಬಚ್ಚಲದಾಗ ಬಿದ್ದಿದ್ಲು" ಎಂದಳು ನೀಲವ್ವ. ವರದಿ ಎಂದ ಮೇಲೆ ಪೂರ್ತಿ ಇರಬೇಕು.

"ಏನು?" ರೇಚಲ್ ಎದ್ದು ನಿಂತಳು.

"ಪರದೆ ಸರದಿರಲಿಲ್ಲ. ಫೋನ್ ಎತ್ತಲಿಲ್ಲ. ಮುಂದಿನ ಬಾಗಲಾ ಸುತ್ತಿ ಹೋಗಾಕ ಹೊತ್ತಾಕ್ಕೇತಿ ಅಂತ ಬೇಲಿ ಹಲಗಿ ಒದ್ದು ಬಂದೆ. ಎಲಬ ಮುರದಿರಲಿಲ್ಲ, ಮೊಣಕಾಲ ತರಚಿತ್ತು. ಇಪ್ಪತ್ತ ನಿಮಿಷದಾಗ ಎಬ್ಬಿಸಿ ಕೂಡ್ಸಿ ಚಹಾ ಕೊಟ್ಟೆ. ಡಾಕ್ಟರ್ ಕಡೆ ಕರಕೊಂಡ ಹೋಗಿ ಬಂದ್ವಿ."

"ಹಲಗೆ ಗಾಳಿಗೆ ಹೋಯಿತು ಅಂದಿದ್ದೆ ನೀನು" ಎಂದಳು ರೇಚಲ್ ತಾಯಿಗೆ.

"ಗಾಳಿಯ ಹಾಗೇ ಬಂದಳು ಇವಳು."

ರೇಚಲ್ ನೀಲವ್ವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು: ಐದಡಿಯ ಹೆಂಗಸು, ಇಳಕಲ್ ಸೀರೆ, ಕಾಲಲ್ಲಿ ರಬ್ಬರು ಚಪ್ಪಲಿ. ಆಮೇಲೆ ಬೇಲಿಯ ಸಂದು ನೋಡಿದಳು. ಅವಳಿಗೆ ಮೊದಲು ನಗು ಬಂತು, ನಗುವಿನ ಬೆನ್ನಿಗೇ ಕಣ್ಣು ತುಂಬಿತು. ಎರಡನ್ನೂ ಒಟ್ಟಿಗೆ ಸಂಭಾಳಿಸಲಾಗದೆ ಒಂದು ಮಿರ್ಚಿ ಭಜಿ ಎತ್ತಿ ಕಚ್ಚಿದಳು. ಅದು ರೋಣದವರು ತಿನ್ನುವ ಖಾರ. ಕಣ್ಣೀರಿಗೆ ಒಂದು ನೆಪ ಸಿಕ್ಕಿತು.

"ನನಗೆ ಯಾಕೆ ಹೇಳಲಿಲ್ಲ ಅಮ್ಮಾ?" ಎಂದಳು ನೀರು ಕುಡಿದು.

"ಹೇಳಿದ್ದರೆ ಮನೆ ಹೋಗ್ತಿತ್ತು."

"ನಿನಗೆ ಗ್ಲಾಸು ತುಂಬಿಸೋಕೆ ಬರತ್ತೋ ಇಲ್ಲವೋ, ನನಗೇನಾಗಬೇಕು? ನೀನು ಬಿದ್ದು, ಮೂರು ದಿನ ಯಾರಿಗೂ ಗೊತ್ತಾಗದೆ ಇರ್ತೀಯ ಅಂತ ಹೆದರಿಕೆ. ಫೋನು ಒಂದು ಸಲ ಹೆಚ್ಚು ರಿಂಗಾದರೆ ನನ್ನ ಜೀವ ಹೋಗತ್ತೆ." ಅವಳು ಬೇಲಿಯ ಸಂದಿನ ಕಡೆ ಕೈ ತೋರಿಸಿದಳು. "ನೀನು ಬಿದ್ದದ್ದು ಇಪ್ಪತ್ತು ನಿಮಿಷದಲ್ಲಿ ಗೊತ್ತಾಗಿದೆ. ಅಲ್ಲಿಯ ಮನೆಗಳಲ್ಲಿ ಗೋಡೆಗೆ ಒಂದು ಗುಂಡಿ ಇಟ್ಟಿದ್ದಾರೆ, ಒತ್ತಿದರೆ ಬರ್ತಾರಂತೆ. ಒತ್ತದಿದ್ದರೆ ಬರಲ್ಲ."

ರುದ್ರೇಶ ಮೆಲ್ಲಗೆ ಹೇಳಿದ, ಅವ್ವ ಊರಿಗೆ ಹೋದ ತಿಂಗಳುಗಳಲ್ಲಿ ಪರದೆಯನ್ನು ಐಶ್ವರ್ಯಾ ನೋಡುತ್ತಾಳೆ, ಅವಳ ಡ್ಯೂಟಿ ಇದ್ದರೆ ತಾನು. ಯಾರೂ ಕೇಳದಿದ್ದರೂ ಹೇಳಿದ. ರೇಚಲ್ ಅವನಿಗೆ ತಲೆಬಾಗಿದಳು. ಆಮೇಲೆ ನೀಲವ್ವನನ್ನು ಕೇಳಿದಳು, ಈ ಸಲ ಬಹಳ ಮೆತ್ತಗೆ:

"ಅಮ್ಮನಿಗೆ ಇಲ್ಲಿ ಇನ್ನು ನಿಜಕ್ಕೂ ಇರೋಕಾಗಲ್ಲ ಅನ್ನುವ ದಿನ ಬಂದರೆ, ನನಗೆ ಹೇಳ್ತೀರಾ?"

ಹೀದರ್ ಈಗ ತೋಟ ಬಿಟ್ಟು ನೀಲವ್ವನನ್ನೇ ನೋಡುತ್ತಿದ್ದಳು. ಈ ಪ್ರಶ್ನೆಗೆ ಇಲ್ಲ ಎಂದರೆ ಗೆಳತಿ ಉಳಿಯುತ್ತಾಳೆ, ಮಗಳು ನಂಬುವುದಿಲ್ಲ. ಹೌದು ಎಂದರೆ ಎಂದೋ ಒಂದು ದಿನ ಈ ಬಾಯಿಯೇ ಆ ಮಾತು ಆಡಬೇಕು. ನೀಲವ್ವನ ಕೈ ಕರಡಿಗೆಯ ಮೇಲೆ ಹೋಯಿತು.

"ಹೇಳ್ತೇನಿ" ಎಂದಳು. "ಮೊದಲ ಅಕಿಗೆ ಹೇಳ್ತೇನಿ. ಆಮ್ಯಾಲೆ ನಿಮಗ."

ಹೀದರ್ ಗ್ಲಾಸನ್ನು ಮೇಜಿನ ಮೇಲಿಟ್ಟು, "ಹೇಳೇ ಬಿಡ್ತಾಳೆ ಇವಳು. ನನಗೆ ಗೊತ್ತು" ಎಂದಳು. ದೂರಿನ ಮಾತೇ, ಆದರೆ ಹೆಗಲು ಸಡಿಲಾಗಿತ್ತು.

ರೇಚಲ್ ಫೋನು ತೆಗೆದಳು. ಅಲ್ಲಿಯೇ, ಅವರೆಲ್ಲರ ಮುಂದೆ, ಟೌರಂಗಾದ ಆ ಮನೆಯವರಿಗೆ ಸದ್ಯಕ್ಕೆ ಬೇಡ ಎಂದು ಎರಡು ಸಾಲು ಬರೆದು ಕಳಿಸಿದಳು. ನೀಲವ್ವನ ನಂಬರು ತೆಗೆದುಕೊಂಡಳು, ಮುಂಬಾಗಿಲ ಇನ್ನೊಂದು ಕೀಲಿ ತಂದು ಅವಳ ಕೈಗೆ ಕೊಟ್ಟಳು. ನೀಲವ್ವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಬಚ್ಚಲಲ್ಲಿ ಹಿಡಿದುಕೊಳ್ಳೋಕೆ ಒಂದು ಸರಳು ಹಾಕಿಸ್ತೀನಿ. ನಾಳೆಯೇ" ಎಂದಳು ರೇಚಲ್.

"ಆಸ್ಪತ್ರೆಯ ಹಾಗೆ ಕಾಣತ್ತೆ."

"ಕಾಣಲಿ."

ನೀಲವ್ವ ಎದ್ದಳು. ಪೂಜೆಯ ಹೊತ್ತಾಗಿತ್ತು. ಮಗನನ್ನು ಮುಂದೆ ಬಿಟ್ಟುಕೊಂಡು ಮನೆಗೆ ಬಂದು, ಇಂಜೆಕ್ಷನ್ ಕೊಟ್ಟ ದಿನಗಳಲ್ಲಿ ಮಾಡುತ್ತಿದ್ದಂತೆ ಮೊಣಕೈವರೆಗೆ ಸೋಪು ಹಚ್ಚಿ ಮೂರು ಸಲ ಕೈ ತೊಳೆದಳು. ಮುಖಕ್ಕೆ ನೀರು ಹಾಕಿಕೊಂಡು, ಕಿಟಕಿ ತೆರೆದಿಟ್ಟೇ ಮಣೆಯ ಮೇಲೆ ಕೂತಳು. ಹೊರಗೆ ಇನ್ನೂ ಬೆಳಕಿತ್ತು.

ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದಾಗ, ಪಕ್ಕದ ಮನೆಯ ಬಚ್ಚಲಿನಿಂದ ಮಾತು ಕೇಳಿ ಬಂತು. ಸರಳನ್ನು ಎಲ್ಲಿ ಹಾಕಬೇಕೆಂದು ತಾಯಿ ಮಗಳು ಜಗಳಾಡುತ್ತಿದ್ದರು. ಇನ್ನೂ ಕೆಳಗೆ ಎನ್ನುತ್ತಿದ್ದಳು ಮಗಳು. ಬಿದ್ದವಳು ನಾನು, ಎಲ್ಲಿ ಬೇಕೆಂದು ನನಗೆ ಗೊತ್ತು ಎನ್ನುತ್ತಿದ್ದಳು ತಾಯಿ. ಅಳತೆ ಪಟ್ಟಿ ತಾ ಅನ್ನುವುದು, ಅದಿಲ್ಲಿಲ್ಲ ಅನ್ನುವುದು, ನಲ್ಲಿಗೆ ಏನೋ ಬಡಿದದ್ದು. ಬೇರೆ ದಿನವಾಗಿದ್ದರೆ ನೀಲವ್ವ ಎದ್ದು ಕಿಟಕಿ ಮುಚ್ಚುತ್ತಿದ್ದಳು. ಈ ದಿನ ಹಾಗೇ ಬಿಟ್ಟು ಜಪ ಶುರುಮಾಡಿದಳು.